ವಿಮಾನದ ಆಟ: ಸುರತ್ಕಲ್‌ನಲ್ಲಿ 1,400 ಇತ್ತು, ಹೆಜಮಾಡಿ ಟೋಲ್‌ನಲ್ಲಿ 60. ಮಿತಿ ಹಾಕಿಕೊಳ್ಳುವುದು ಹೇಗೆ?

ಕಿಟಕಿ ಸೀಟು (ಪ್ರಶ್ನೆ):

"ಆಟ ಬಿಟ್ಟುಬಿಡು" ಅನ್ನುವ ಉತ್ತರ ನನಗೂ ಗೊತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಬಿಟ್ಟು ಬೇರೆ ಏನಾದರೂ ಗೊತ್ತಿದ್ದರೆ ಹೇಳಿ.

ನನಗೆ 27 ವರ್ಷ. ಔಷಧದ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಆರ್ಡರ್ ಹಿಡಿಯುವ ಕೆಲಸ. ಮನೆ ಮಂಗಳೂರಿನ ಕೊಟ್ಟಾರದ ಹತ್ತಿರ, ನನಗೆ ಕೊಟ್ಟಿರುವ ಲೈನ್ ಉಡುಪಿ ಕಡೆಯದು. ವಾರಕ್ಕೆ ಐದು ದಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಬಳ 24,000. ಬಸ್ಸಿನಲ್ಲಿ ಕೂತರೆ ಬೇರೆ ಕೆಲಸ ಇಲ್ಲ, ನಾಲ್ಕು ತಿಂಗಳ ಹಿಂದೆ ಅಲ್ಲೇ ಶುರುವಾಯಿತು.

ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ಪರದೆಯ ಮೇಲೆ ಒಂದು ಚಿಕ್ಕ ವಿಮಾನ. ಅದು ಏಳುತ್ತಿದ್ದ ಹಾಗೆ ಒಂದು ಸಂಖ್ಯೆಯೂ 1.00ರಿಂದ ಏರುತ್ತದೆ. 1.2, 1.8, 3, ಹೀಗೆ. ವಿಮಾನ ಮಾಯವಾಗುವ ಮೊದಲು ಗುಂಡಿ ಒತ್ತಿದರೆ ಇಟ್ಟ ದುಡ್ಡಿಗೆ ಅಷ್ಟು ಪಟ್ಟು ಸಿಗುತ್ತದೆ. ಒತ್ತುವ ಮೊದಲೇ ಹಾರಿಹೋದರೆ ಇಟ್ಟದ್ದೂ ಹೋಯಿತು. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗಲು ಕೆಲವು ಸೆಕೆಂಡ್ ಸಾಕು.

ಹೋದ ಮಂಗಳವಾರದ ಕಥೆ ಇದು. ಸುರತ್ಕಲ್ ಬರುವಾಗ ಆ್ಯಪ್‌ನಲ್ಲಿ 1,400 ಇತ್ತು. ಮೂಲ್ಕಿ ಸೇತುವೆ ಹತ್ತುವಾಗ 600. ಹೆಜಮಾಡಿ ಟೋಲ್ ದಾಟುವಾಗ 60. ಪಡುಬಿದ್ರಿ ಬರುವ ಮೊದಲು ಯುಪಿಐಯಲ್ಲಿ ಇನ್ನೂ 1,000 ಹಾಕಿದೆ. ಕಾಪು ಬಂದಾಗ ಅದೂ ಇಲ್ಲ. ಉಡುಪಿಯಲ್ಲಿ ಮೊದಲನೇ ಮೆಡಿಕಲ್ ಅಂಗಡಿಗೆ ಹೋಗಿ 100 ಸ್ಟ್ರಿಪ್ ಬರೆಯುವಲ್ಲಿ 10 ಬರೆದೆ. ಅಂಗಡಿಯವರು "ಜ್ವರ ಉಂಟಾ?" ಎಂದು ಕೇಳಿದರು.

ನಿಯಮ ಇಲ್ಲದೆ ಆಡಿದ್ದಲ್ಲ. 1.5ಕ್ಕೆ ಆಟೋ ಕ್ಯಾಶ್‌ಔಟ್ ಇಟ್ಟಿದ್ದೆ, ಅಂದರೆ ಸಂಖ್ಯೆ 1.5 ಮುಟ್ಟಿದರೆ ಆ್ಯಪ್ ತಾನೇ ಗುಂಡಿ ಒತ್ತುತ್ತದೆ. ದಿನಕ್ಕೆ 500 ಮೀರಬಾರದು ಅಂತ ಇತ್ತು. 300 ಲಾಭ ಬಂದರೆ ನಿಲ್ಲಿಸಬೇಕು ಅಂತಲೂ ಇತ್ತು. ಯಾವ ನಿಯಮವೂ ಒಂಬತ್ತು ದಿನಕ್ಕಿಂತ ಜಾಸ್ತಿ ಬಾಳಲಿಲ್ಲ. ಸಾಮಾನ್ಯವಾಗಿ ಮುರಿಯುವುದು ಒಂದೇ ರೀತಿ. ನಾನು 1.5ಕ್ಕೆ ಇಳಿದಿರುತ್ತೇನೆ, ವಿಮಾನ 40ಕ್ಕೆ ಹೋಗುತ್ತದೆ. ಆಮೇಲೆ ಆಟೋ ತೆಗೆದು ಕೈಯಲ್ಲೇ ಒತ್ತಲು ಶುರು ಮಾಡುತ್ತೇನೆ.

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಹಾಕಿದ್ದು 86,400, ವಾಪಸ್ ಬಂದದ್ದು 31,900. ಹೋದದ್ದು 54,500. ಮಾಮೂಲಿಯಾಗಿ ಒಂದು ಸುತ್ತಿಗೆ 100ರಿಂದ 200 ಇಡುತ್ತೇನೆ. 500 ಇಟ್ಟ ದಿನವೂ ಉಂಟು. ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಅವರಿಗೆ ದಿನವಿಡೀ ಕಟ್ಟಿದರೂ 500 ಸಿಗುವುದಿಲ್ಲ. ಈ ಲೆಕ್ಕ ಮನಸ್ಸಿಗೆ ಬಂದ ಮೇಲೂ ಆಡಿದ್ದೇನೆ. ನನಗೆ ಹೆದರಿಕೆ ಆದದ್ದು ಅದಕ್ಕೇ.

ಕೇಳಬೇಕಾದದ್ದು ಇಷ್ಟು. ಯಾವ ಸಂಖ್ಯೆಗೆ ಇಳಿದರೆ ಸೇಫ್? ಸೋತಾಗ ಬೆಟ್ ಡಬಲ್ ಮಾಡುವ ವಿಧಾನ ನಿಜಕ್ಕೂ ನಡೆಯುತ್ತದಾ? ಟೆಲಿಗ್ರಾಂನಲ್ಲಿ ಒಬ್ಬ 2,000 ಕೊಟ್ಟರೆ "ಸಿಗ್ನಲ್" ಕೊಡುತ್ತೇನೆ ಅನ್ನುತ್ತಾನೆ, ಅದು ಎಂತದು? ಮಿತಿಯಲ್ಲಿ ಆಡುವವರು ಅದನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ?

ಗೋಳಿಬಜೆ:

ಆ್ಯಪ್ ಡಿಲೀಟ್ ಮಾಡಿ ಮಾರಾಯ್ರೆ. ಅದರಲ್ಲಿ ಕೇಳುವುದು ಎಂತ ಉಂಟು.

ಕಿಟಕಿ ಸೀಟು:

ನಾಲ್ಕು ಸಲ ಮಾಡಿದ್ದೇನೆ. ಪುನಃ ಹಾಕಲು ಒಂದು ನಿಮಿಷವೂ ಬೇಡ.

ಬೋಟಿನ ಲೆಕ್ಕ:

ನಾನು ಮಲ್ಪೆಯಲ್ಲಿ ಬೋಟುಗಳ ಲೆಕ್ಕ ಬರೆಯುವವನು. ಡೀಸೆಲ್ ಎಷ್ಟು, ಐಸ್ ಎಷ್ಟು, ಬಲೆ ರಿಪೇರಿಗೆ ಎಷ್ಟು, ಕಡೆಗೆ ಯಾರಿಗೆ ಎಷ್ಟು ಪಾಲು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಮೀನುಗಾರಿಕೆಗೆ ರಜೆ. ಮೂರು ವರ್ಷದ ಹಿಂದೆ ಆ 61 ದಿನದಲ್ಲಿ ನಾನು ಇದೇ ಜಾತಿಯ ಆಟದಲ್ಲಿ 1,12,000 ಕಳೆದೆ. ಹೊರಗೆ ಮಳೆ, ಕೈಯಲ್ಲಿ ಮೊಬೈಲ್, ಮಾಡಲು ಕೆಲಸ ಇಲ್ಲ. ಆಗಸ್ಟ್‌ನಲ್ಲಿ ಬೋಟುಗಳು ನೀರಿಗೆ ಇಳಿದ ಮೇಲೆ ಒಂದು ರಾತ್ರಿ ಕೂತು ಆಟದ ಲೆಕ್ಕವನ್ನೂ ಬೋಟಿನ ಲೆಕ್ಕದ ಹಾಗೆಯೇ ಬರೆದೆ. ನಿಮ್ಮ ಪ್ರಶ್ನೆಗೆ ಉತ್ತರ ಆ ಪುಸ್ತಕದಲ್ಲಿ ಉಂಟು.

ಮೊದಲು ಸೇಫ್ ಸಂಖ್ಯೆಯ ವಿಷಯ. ಈ ಜಾತಿಯಲ್ಲಿ ಹೆಚ್ಚು ಹೆಸರು ಮಾಡಿದ್ದು 2019ರಲ್ಲಿ ಬಂದ ಏವಿಯೇಟರ್. ಅದನ್ನು ಮಾಡಿದ ಕಂಪನಿಯೇ ಹೇಳುವ ಲೆಕ್ಕ ಶೇ. 97. ಅಂದರೆ ಬೆಟ್ ಇಟ್ಟ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 97 ಆಟಗಾರರಿಗೆ ತಿರುಗಿ ಬರುತ್ತದೆ, 3 ನಡೆಸುವವನಿಗೆ ಉಳಿಯುತ್ತದೆ. ವಿಮಾನ ಒಂದು ಸಂಖ್ಯೆಯನ್ನು ಮುಟ್ಟುವುದು ನೂರರಲ್ಲಿ ಎಷ್ಟು ಸಲ ಎಂದು ಬೇಕಿದ್ದರೆ 97ನ್ನು ಆ ಸಂಖ್ಯೆಯಿಂದ ಭಾಗಿಸಿ. 2ನ್ನು ಮುಟ್ಟುವುದು 48.5 ಸಲ. 10ನ್ನು ಮುಟ್ಟುವುದು 9.7 ಸಲ.

ಈಗ 100 ರೂಪಾಯಿಯಂತೆ 1,000 ಸುತ್ತು ಆಡಿದಿರಿ ಅಂತ ಇಟ್ಟುಕೊಳ್ಳಿ. ಪ್ರತಿ ಸಲ 2ಕ್ಕೆ ಇಳಿದರೆ 485 ಸಲ ಗೆದ್ದು 48,500 ಬರುತ್ತದೆ, 515 ಸಲ ಸೋತು 51,500 ಹೋಗುತ್ತದೆ. ನಷ್ಟ 3,000. ಪ್ರತಿ ಸಲ 10ಕ್ಕೆ ಇಳಿದರೆ 97 ಗೆಲುವು, ಲಾಭ 87,300. 903 ಸೋಲು, 90,300. ನಷ್ಟ ಪುನಃ 3,000. ನಿಮ್ಮ 1.5ಕ್ಕೂ ಮಾಡಿ ನೋಡಿ, 3,000ದ ಆಸುಪಾಸಿಗೇ ಬಂದು ನಿಲ್ಲುತ್ತದೆ. ನೀವು ದಿನಾ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು. ಈ ಬಸ್ಸಿನಲ್ಲಿ ಸುರತ್ಕಲ್‌ನಲ್ಲಿ ಇಳಿದರೂ ಉಡುಪಿಯಲ್ಲಿ ಇಳಿದರೂ ಟಿಕೆಟ್ ಒಂದೇ. ಸಂಖ್ಯೆ ಬದಲಾಯಿಸಿದರೆ ಸೋಲು ಬರುವ ರೀತಿ ಮಾತ್ರ ಬದಲಾಗುತ್ತದೆ. ಸಣ್ಣ ಸಂಖ್ಯೆಯಲ್ಲಿ ತೊಟ್ಟು ತೊಟ್ಟಾಗಿ ಗೆದ್ದು ಒಮ್ಮೆಗೇ ಕೊಡುತ್ತೀರಿ. ದೊಡ್ಡದರಲ್ಲಿ ತೊಟ್ಟು ತೊಟ್ಟಾಗಿ ಕೊಡುತ್ತಾ ಒಂದು ದೊಡ್ಡದಕ್ಕೆ ಕಾಯುತ್ತೀರಿ.

ನನಗೆ ನಿದ್ರೆ ಕೆಡಿಸಿದ ಲೆಕ್ಕ ಮುಂದಿನದು. ನೂರಕ್ಕೆ ಮೂರೇ ಹೋಗುವುದಾದರೆ ನಿಮ್ಮ 86,400ರಲ್ಲಿ 54,500 ಹೇಗೆ ಹೋಯಿತು? ಮೂರು ಶೇಕಡಾ ಕಡಿತವಾಗುವುದು ನೀವು ಜೇಬಿನಿಂದ ಹಾಕಿದ ದುಡ್ಡಿನ ಮೇಲೆ ಅಲ್ಲ. ಇಟ್ಟ ಪ್ರತಿ ಬೆಟ್‌ನ ಮೇಲೆ. ಗೆದ್ದದ್ದನ್ನೇ ತಿರುಗಿ ಇಡುತ್ತೀರಲ್ಲ, ಅದರ ಮೇಲೂ. 54,500 ಅನ್ನುವುದು ಶೇ. 3 ಆಗಬೇಕಾದರೆ ನೀವು ಒಟ್ಟು 18 ಲಕ್ಷದಷ್ಟು ಬೆಟ್ ಇಟ್ಟಿರಬೇಕು. ಹೌದು, 18 ಲಕ್ಷ. ಸುತ್ತಿಗೆ 150 ಅಂದುಕೊಂಡರೆ 12,000 ಸುತ್ತು. ನಾಲ್ಕು ತಿಂಗಳಿಗೆ ಹಂಚಿ, ದಿನಕ್ಕೆ ನೂರು. ಎರಡು ಬಸ್ ಪ್ರಯಾಣ, ರಾತ್ರಿ ಮಲಗುವ ಮುಂಚೆ ಸ್ವಲ್ಪ. ಸರಿಹೋಗುತ್ತದಾ?

ಹಾಗಾಗಿ ನೀವು ಕಾಯಬೇಕಾದ ಸಂಖ್ಯೆ ವಿಮಾನದ್ದಲ್ಲ, ಸುತ್ತುಗಳದ್ದು. ಸುತ್ತು ಎಷ್ಟು ಆಡಿದಿರಿ ಎಂದು ಆ್ಯಪ್ ಎಲ್ಲಿಯೂ ದೊಡ್ಡ ಅಕ್ಷರದಲ್ಲಿ ತೋರಿಸುವುದಿಲ್ಲ. ಬ್ಯಾಲೆನ್ಸ್ ಮಾತ್ರ ತೋರಿಸುತ್ತದೆ.

ಡಬಲ್ ಮಾಡುವ ವಿಧಾನವನ್ನು ನಾನೂ ಮಾಡಿದ್ದೇನೆ, ಅದೂ ಬಹಳ ಬುದ್ಧಿವಂತನ ಹಾಗೆ. 10, 20, 40, 80, 160, 320, 640. ಗೆದ್ದರೆ ಪುನಃ 10ರಿಂದ. ಹೀಗೆ 10ರಿಂದ ಶುರುವಾಗಿ ಗೆಲ್ಲುವವರೆಗೆ, ಇಲ್ಲವೇ ಏಳೂ ಸೋಲುವವರೆಗೆ, ಒಂದು ಸರಣಿ. ಏಳು ಮೆಟ್ಟಿಲಿಗೆ ಒಟ್ಟು 1,270 ಬೇಕು. 2ಕ್ಕೆ ಇಳಿಯುವುದಾದರೆ ಏಳೂ ಸಲ ಸೋಲುವುದು ಸುಮಾರು 104 ಸರಣಿಗೆ ಒಮ್ಮೆ. ಉಳಿದ 103 ಸರಣಿಯಲ್ಲಿ ಹತ್ತು ಹತ್ತು ರೂಪಾಯಿ ಸೇರಿ 1,030 ಗೆಲ್ಲುತ್ತೀರಿ. ಆ ಒಂದರಲ್ಲಿ 1,270 ಕೊಡುತ್ತೀರಿ. 104 ಸರಣಿ ಅಂದರೆ ಬಹಳ ದೂರ ಅನಿಸುತ್ತದೆ. ಒಂದು ಸರಣಿಗೆ ಸರಾಸರಿ ಎರಡು ಸುತ್ತು, ಅಂದರೆ ನಿಮ್ಮ ವೇಗದಲ್ಲಿ ಎರಡೇ ದಿನ. ಮಜಾ ಏನೆಂದರೆ ಆ ಏಳನೇ ಸೋಲಿನ ಹೊತ್ತಿಗೆ "ಇನ್ನು ಸೋಲಲು ಸಾಧ್ಯವೇ ಇಲ್ಲ" ಅನಿಸುತ್ತದೆ. ವಿಮಾನಕ್ಕೆ ಹಿಂದಿನ ಸುತ್ತು ನೆನಪಿರುವುದಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೋದಲ್ಲಿ ರೂಲೆಟ್ ಚಕ್ರ ಒಂದೇ ಸಮನೆ 26 ಸಲ ಕಪ್ಪಿಗೆ ಬಿತ್ತು. ಇನ್ನು ಕೆಂಪು ಬರಲೇಬೇಕು ಎಂದು ಕೆಂಪಿಗೆ ಸುರಿದವರು ಅಲ್ಲಿ ರಾಶಿ ದುಡ್ಡು ಕಳೆದರು. ನಾನು ಅದನ್ನು ಓದಿದ್ದು ದುಡ್ಡು ಹೋದ ಮೇಲೆ, ಮೊದಲೇ ಓದಿದ್ದರೂ ನಂಬುತ್ತಿರಲಿಲ್ಲ.

ಒಳ್ಳೆಯ ಆ್ಯಪ್‌ಗಳಲ್ಲಿ "ಪ್ರೂವಬ್ಲಿ ಫೇರ್" ಅಂತ ಇರುತ್ತದೆ, ಮೋಸ ಆಗಿಲ್ಲ ಎಂದು ನಾವೇ ಪರೀಕ್ಷಿಸುವ ವ್ಯವಸ್ಥೆ. ಸುತ್ತು ಶುರುವಾಗುವ ಮೊದಲೇ ಸರ್ವರ್ ತನ್ನ ಗುಟ್ಟಿನ ಸಂಖ್ಯೆಯ ಹ್ಯಾಶ್ ತೋರಿಸುತ್ತದೆ. ಹ್ಯಾಶ್ ಅಂದರೆ ಮೊಹರು ಇದ್ದ ಹಾಗೆ, ಒಳಗಿನ ಸಂಖ್ಯೆ ಕಾಣುವುದಿಲ್ಲ, ಆದರೆ ಆಮೇಲೆ ಬದಲಾಯಿಸಿದರೆ ಗೊತ್ತಾಗುತ್ತದೆ. ಅದರ ಜೊತೆ ಮೊದಲು ಬೆಟ್ ಇಟ್ಟ ಮೂವರು ಆಟಗಾರರ ಸಂಖ್ಯೆ ಸೇರಿ ಫಲಿತಾಂಶ ಹುಟ್ಟುತ್ತದೆ. ಮುಗಿದ ಮೇಲೆ ಬೇಕಾದರೆ ತಾಳೆ ನೋಡಬಹುದು. ನಡುವೆ ಕೈಯಾಡಿಸಿಲ್ಲ ಎಂದು ಅದರಿಂದ ಗೊತ್ತಾಗುತ್ತದೆ, ನಿಜ. ಆದರೆ ಮೂರು ಶೇಕಡಾವನ್ನು ಅದು ನಿಮಗೆ ವಾಪಸ್ ಕೊಡುವುದಿಲ್ಲ. ಇನ್ನು ವಾಟ್ಸ್ಆ್ಯಪ್ ಲಿಂಕ್‌ನಲ್ಲಿ ಬಂದ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರ ಹಾಕಿಕೊಳ್ಳುವ ಆ್ಯಪ್ ಫೈಲ್) ಆದರೆ 97 ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ನಾನು ಮೇಲೆ ಬರೆದದ್ದೆಲ್ಲ ಪ್ರಾಮಾಣಿಕ ಆಟದ ಲೆಕ್ಕ.

ಕಡೆಯ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ನನ್ನ ದೊಡ್ಡಪ್ಪ ಕೋಳಿ ಅಂಕಕ್ಕೆ ಹೋಗುತ್ತಿದ್ದರು. ಅದೂ ಕಾನೂನಿಗೆ ವಿರುದ್ಧವೇ, ಪೊಲೀಸ್ ಬಂದರೆ ಗದ್ದೆಯಲ್ಲಿ ಓಟ. ಅವರೂ ಸೋತಿದ್ದಾರೆ. ಆದರೆ ಅಲ್ಲಿ ಒಂದು ಕಾದಾಟ ಮುಗಿದು ಇನ್ನೊಂದು ಶುರುವಾಗಲು ಹೊತ್ತು ಬೇಕು. ದುಡ್ಡು ಮುಷ್ಟಿಯಲ್ಲಿ ಇರುತ್ತಿತ್ತು, ಖಾಲಿಯಾದರೆ ಖಾಲಿ. ಕತ್ತಲಾದರೆ ಎಲ್ಲರೂ ಮನೆಗೆ. ಹಿಂದೆ ಯಾರೋ ಗುರುತಿನವರು ನಿಂತು ನೋಡುತ್ತಿರುತ್ತಿದ್ದರು. ಮೊಬೈಲ್‌ನಲ್ಲಿ ಈ ನಾಲ್ಕೂ ಇಲ್ಲ. ಅವನ್ನು ನೀವೇ ಹೊರಗಿನಿಂದ ತಂದು ಕಟ್ಟಬೇಕು, ಅದೂ ಬಸ್ ಹತ್ತುವ ಮೊದಲು. ವಿಮಾನ ಏರುತ್ತಿರುವಾಗ ಯೋಚನೆ ಮಾಡುವವನು ನೀವಲ್ಲ, ಬೇರೆಯವನು. ಅವನ ಹತ್ತಿರ ಯಾವ ನಿಯಮವನ್ನೂ ಕೊಡಬೇಡಿ.

ಎರಡು ಸಿಮ್:

ಟೆಲಿಗ್ರಾಂ ಸಿಗ್ನಲ್‌ಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು 1,500 ಕೊಟ್ಟವನು. ಅವನು ಮೊದಲು ತನ್ನ ಲಿಂಕ್‌ನಲ್ಲೇ ಹೊಸ ಅಕೌಂಟ್ ಮಾಡಲು ಹೇಳುತ್ತಾನೆ. ಆ ಲಿಂಕ್‌ನಿಂದ ಬಂದವರು ಸೋತರೆ ಅವನಿಗೆ ಪಾಲು. ನೀವು ಸೋಲಬೇಕು ಅನ್ನುವುದೇ ಅವನ ವ್ಯಾಪಾರ. ಮೇಲಿನವರು ಹೇಳಿದ ಹಾಗೆ ಸಂಖ್ಯೆ ಹುಟ್ಟುವುದು ಬೆಟ್ ಇಟ್ಟವರ ಸಂಖ್ಯೆಯೂ ಸೇರಿದ ಮೇಲೆ. ಮತ್ತೆ ಇವನಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ? "ಪ್ರಿಡಿಕ್ಟರ್" ಅಂತ ಎಪಿಕೆ ಕಳಿಸಿದರೆ ಒತ್ತಲೇಬೇಡಿ. ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ಒಟಿಪಿ ಹೋಯಿತು ಎಂದೇ ಲೆಕ್ಕ.

ಇನ್ನೊಂದು ಅಪಾಯದ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ನನಗೆ ಮಂಗಳೂರಿನಲ್ಲಿ ಸಣ್ಣ ಜ್ಯೂಸ್ ಅಂಗಡಿ. ಒಮ್ಮೆ 4,200 ಗೆದ್ದು ವಿತ್‌ಡ್ರಾ ಹಾಕಿದೆ. ಬಂತು. ಆದರೆ ಬಂದದ್ದು ಕಂಪನಿ ಹೆಸರಿನಿಂದಲ್ಲ, ಯಾವುದೋ ಊರಿನ ಯಾವುದೋ ವ್ಯಕ್ತಿಯ ಖಾತೆಯಿಂದ. ಆಗ ಖುಷಿಯಲ್ಲಿ ನೋಡಲಿಲ್ಲ. ಒಂದೂವರೆ ತಿಂಗಳ ನಂತರ ನನ್ನ ಖಾತೆ ಬಂದ್. ಬೇರೆ ರಾಜ್ಯದಲ್ಲಿ ಯಾರಿಗೋ ಮೋಸವಾಗಿ ಅವರು ಸೈಬರ್ ದೂರು ಕೊಟ್ಟಿದ್ದಾರೆ, ಅವರ ದುಡ್ಡು ಮೂರು ಕೈ ದಾಟಿ ನನ್ನ ಖಾತೆಗೆ ಬಂದಿದೆ. ಹಾಲಿನವನಿಗೆ, ಹಣ್ಣಿನವನಿಗೆ ಕೊಡಲು ದುಡ್ಡಿಲ್ಲ. ಅಂಗಡಿಯ ಕ್ಯೂಆರ್ ಕೋಡ್ ಕೂಡ ಅದೇ ಖಾತೆಯದ್ದು. ಬ್ಯಾಂಕಿಗೆ ಹೋಗಿ, ಆ ಠಾಣೆಗೆ ಇಮೇಲ್ ಮಾಡಿ, ಎಲ್ಲ ಸರಿಯಾಗುವಾಗ ಎರಡು ತಿಂಗಳು ಕಳೆಯಿತು. "ಈ ದುಡ್ಡು ಎಲ್ಲಿಂದ ಬಂತು?" ಎಂದು ಕೇಳಿದಾಗ ಹೇಳಲು ನಾಚಿಕೆ ಬೇರೆ.

ಕಾನೂನೂ ಈಗ ಮೊದಲಿನ ಹಾಗಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಬುದ್ಧಿಯ ಆಟ, ಅದೃಷ್ಟದ ಆಟ ಅನ್ನುವ ಭೇದ ಅದರಲ್ಲಿ ಇಲ್ಲ. ನಡೆಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವನಿಗೆ 2 ವರ್ಷ, 50 ಲಕ್ಷದವರೆಗೆ. ಆಡುವವನಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ. ಹಾಗಂತ ಖುಷಿ ಪಡಬೇಡಿ. ನಿಮ್ಮ ಆ್ಯಪ್ ಈಗಲೂ ನಡೆಯುತ್ತಿದೆ ಅಂದರೆ ಕದ್ದುಮುಚ್ಚಿ ನಡೆಯುತ್ತಿದೆ ಅಂತಲೇ ಅರ್ಥ. ನಾಳೆ ನಿಮ್ಮ ದುಡ್ಡು ಕೊಡದಿದ್ದರೆ ಯಾರ ಹತ್ತಿರ ಹೋಗಿ ಕೇಳುತ್ತೀರಿ?

ಶನಿವಾರ ಮಾತ್ರ:

ಎಲ್ಲರೂ ಹೆದರಿಸುತ್ತಿದ್ದೀರಿ. ನಾನು ತಿಂಗಳಿಗೆ 300 ಇಡುತ್ತೇನೆ, ಸಿನಿಮಾ ಟಿಕೆಟ್ ಅಂದುಕೊಂಡು. ಹೋದರೆ ಹೋಯಿತು. ಎರಡು ವರ್ಷದಿಂದ ಹೀಗೇ ನಡೆದಿದೆ. ಎಲ್ಲರೂ ಹಾಳಾಗುವುದಿಲ್ಲ.

ಬೋಟಿನ ಲೆಕ್ಕ:

ಎಲ್ಲರೂ ಹಾಳಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ನೀವಲ್ಲ. ಅವರ ಯಾವ ನಿಯಮವೂ ಒಂಬತ್ತು ದಿನ ದಾಟಲಿಲ್ಲ ಎಂದು ಅವರೇ ಬರೆದಿದ್ದಾರೆ. ಕಾಲಿಗೆ ಮುಳ್ಳು ಚುಚ್ಚಿದವನಿಗೆ "ನಾನು ಅದೇ ದಾರಿಯಲ್ಲಿ ಬಂದೆ, ನನಗೇನೂ ಆಗಲಿಲ್ಲ" ಅಂದರೆ ಅವನಿಗೆ ಎಂತ ಉಪಯೋಗ?

ಪಿಗ್ಮಿ ಅಕ್ಕ:

ಶನಿವಾರದವರೇ, ಮನೆಯವರಿಗೆ ಗೊತ್ತುಂಟಾ?

ಕಿಟಕಿ ಸೀಟು ತಮ್ಮಾ, ನನಗೆ ವಿಮಾನದ ಆಟ ಗೊತ್ತಿಲ್ಲ. ನಾನು ಉಡುಪಿಯಲ್ಲಿ 19 ವರ್ಷದಿಂದ ಒಂದು ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುವವಳು. ರಥಬೀದಿಯಿಂದ ಸಿಟಿ ಬಸ್‌ಸ್ಟ್ಯಾಂಡ್‌ವರೆಗೆ ದಿನಾ ನಡೆಯುತ್ತೇನೆ. ದುಡ್ಡು ಯಾವಾಗ ಕೈಯಲ್ಲಿ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಎಂದು ನೋಡಿ ನೋಡಿ ಗೊತ್ತಾಗಿದೆ.

ನಮ್ಮ ಊರಿನಲ್ಲೇ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಲ್ಲಿ, 1928ರಲ್ಲಿ ಈ ಪಿಗ್ಮಿ ಶುರುವಾಯಿತು. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದರಂತೆ. ಜನರಿಗೆ ಬ್ಯಾಂಕಿಗೆ ಹೋಗಲು ಪುರುಸೊತ್ತು ಇರಲಿಲ್ಲ ಅನ್ನುವುದು ಒಂದು ಕಾರಣ. ನನ್ನ ಅನುಭವದಲ್ಲಿ ಇನ್ನೊಂದೂ ಉಂಟು. ಸಂಜೆಯವರೆಗೆ ದುಡ್ಡು ಕೈಯಲ್ಲಿ ಇದ್ದರೆ ಸಂಜೆಗೆ ಇರುವುದಿಲ್ಲ. ನನ್ನ ಗಿರಾಕಿ ಒಬ್ಬರು ಹೂ ಮಾರುವವರು, ನಾನು ಹತ್ತು ನಿಮಿಷ ತಡ ಮಾಡಿದರೆ ಬೈಯುತ್ತಾರೆ. "ಗಂಡ ಬರುವ ಮೊದಲು ಬಂದು ತೆಗೆದುಕೊಂಡು ಹೋಗು ಮಾರಾಯ್ತಿ" ಅನ್ನುತ್ತಾರೆ. ಅವರಿಗೆ ಸ್ವಯಂ ನಿಯಂತ್ರಣ, ಗಿಯಂತ್ರಣ ಅಂತ ಯಾರೂ ಹೇಳಿಕೊಟ್ಟಿಲ್ಲ. ಕೈಗೆ ಸಿಗದ ಹಾಗೆ ಮಾಡಬೇಕು ಎಂದು ಮಾತ್ರ ಗೊತ್ತು.

ನಿನಗೂ ಅದನ್ನೇ ಹೇಳುತ್ತೇನೆ. ಸಂಬಳ ಬರುವ ಖಾತೆಯಲ್ಲಿ ಯುಪಿಐ ಇರಲೇಬಾರದು. ಬೇರೆ ಒಂದು ಖಾತೆ ಮಾಡು. ವಾರಕ್ಕೆ ಒಮ್ಮೆ ಬಸ್ಸಿಗೆ, ಊಟಕ್ಕೆ, ಚಹಾಕ್ಕೆ ಬೇಕಾದಷ್ಟನ್ನು ಮಾತ್ರ ಅದಕ್ಕೆ ಹಾಕು. ಯುಪಿಐ ಅದಕ್ಕೆ ಮಾತ್ರ ಇರಲಿ. ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ಮಿತಿ ಕಡಿಮೆ ಮಾಡಲು ಆಗುತ್ತದಾ ನೋಡು, ಹೆಚ್ಚಿನವುಗಳಲ್ಲಿ ಉಂಟು. ದಿನಕ್ಕೆ 200 ರೂಪಾಯಿ ಪಿಗ್ಮಿ ಕಟ್ಟು. ನಮ್ಮ ಸೊಸೈಟಿಯಲ್ಲಿ ಅವಧಿಗೆ ಮೊದಲು ಮುರಿದರೆ ಕಮಿಷನ್ ಕಡಿತ ಆಗುತ್ತದೆ, ಆಫೀಸಿಗೆ ಬಂದು ಸಹಿ ಹಾಕಬೇಕು, ಮ್ಯಾನೇಜರ್ "ಯಾಕೆ?" ಎಂದು ಕೇಳುತ್ತಾರೆ. ಜನರಿಗೆ ಅದು ಕಿರಿಕಿರಿ. ನಿನಗೆ ಅದೇ ಒಳ್ಳೆಯದು.

ಮತ್ತೆ ಅಮ್ಮನಿಗೆ ಹೇಳು. ಮೊತ್ತದ ಸಮೇತ ಹೇಳು. "ಸ್ವಲ್ಪ ಹೋಯಿತು" ಅನ್ನಬೇಡ.

ಕಿಟಕಿ ಸೀಟು:

ಅಕ್ಕ, ಅಮ್ಮನಿಗೆ ಹೇಳಲು ಧೈರ್ಯ ಇಲ್ಲ. ಉಳಿದದ್ದು ಮಾಡಬಹುದು.

ಪಿಗ್ಮಿ ಅಕ್ಕ:

ಹಾಗಾದರೆ ಬೇರೆ ಯಾರಿಗಾದರೂ ಹೇಳು. ಒಬ್ಬರಿಗೆ ಗೊತ್ತಿರಲೇಬೇಕು.

ಬಿಳಿ ಕೋಟು:

ತಡವಾಗಿ ಬರೆಯುತ್ತಿದ್ದೇನೆ. ನಾನು ನರ್ಸ್, ಡಾಕ್ಟರ್ ಅಲ್ಲ. 100 ಬರೆಯುವಲ್ಲಿ 10 ಬರೆದೆ ಎಂದಿದ್ದೀರಲ್ಲ, ನನಗೆ 54,500ಕ್ಕಿಂತ ಅದೇ ಜಾಸ್ತಿ ಕಾಣುತ್ತದೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಚಟಕ್ಕೆ ಬಿದ್ದವನು ಕೆಟ್ಟವನು ಎಂದು ಆ ಪಟ್ಟಿಯಲ್ಲಿ ಇಲ್ಲ. ಕಳೆದದ್ದನ್ನು ಹಿಡಿಯಲು ಇನ್ನಷ್ಟು ಹಾಕುವುದು, ಮನೆಯವರಿಂದ ಮುಚ್ಚಿಡುವುದು, ಮಿತಿ ಹಾಕಿ ಮುರಿಯುವುದು, ಇವು ನಾವು ಕೇಳುವ ಪ್ರಶ್ನೆಗಳು. ಮೂರಕ್ಕೂ ನೀವೇ ಉತ್ತರ ಬರೆದಿದ್ದೀರಿ.

14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಚಟಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಉಂಟು. ಅಮ್ಮನಿಗೆ ಹೇಗೆ ಹೇಳುವುದು ಎನ್ನುವುದನ್ನೂ ಅವರ ಹತ್ತಿರ ಕೇಳಬಹುದು. ಬಹಳ ಜನ ಕೇಳುವುದು ಅದನ್ನೇ. ಇನ್ನೊಂದು ಮಾತು: ಯಾವತ್ತಾದರೂ ಬದುಕುವುದೇ ಬೇಡ ಅನಿಸಿದರೆ ಮೊದಲು ಆ ನಂಬರ್, ಆಮೇಲೆ ಉಳಿದದ್ದು.

ಕಿಟಕಿ ಸೀಟು (ಮೂರು ವಾರದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಎಂದು ಬರೆಯುತ್ತೇನೆ, ಒಳ್ಳೆಯದೂ ಕೆಟ್ಟದೂ.

ಬೋಟಿನ ಲೆಕ್ಕ ಅಣ್ಣ ಹೇಳಿದ್ದನ್ನು ಮೊದಲು ನಂಬಲಿಲ್ಲ. 18 ಲಕ್ಷ ಅಂದರೆ ಎಂತ ತಮಾಷೆ ಅನಿಸಿತು. ಬೆಟ್ ಹಿಸ್ಟರಿ ತೆಗೆದು ಒಂದು ದಿನದ್ದನ್ನು ಎಣಿಸಿದೆ. ಹೋಗುವಾಗ ಬರುವಾಗ ಸೇರಿ 163. ನಾನು ಹೆಚ್ಚೆಂದರೆ 40 ಇರಬಹುದು ಅಂದುಕೊಂಡಿದ್ದೆ. ಎಣಿಸುತ್ತಾ ಎಣಿಸುತ್ತಾ ಹೊಟ್ಟೆ ತೊಳಸಿದ ಹಾಗಾಯಿತು. ಮತ್ತೆ ಬೇರೆ ದಿನ ಎಣಿಸಲಿಲ್ಲ.

ಯುಪಿಐ ಬೇರೆ ಖಾತೆಗೆ ಮಾಡಿದೆ. ವಾರಕ್ಕೆ 900 ಹಾಕುತ್ತೇನೆ. ಪಿಗ್ಮಿ ನಮ್ಮ ಏರಿಯಾದಲ್ಲೇ ಒಬ್ಬರ ಹತ್ತಿರ ಶುರು ಮಾಡಿದೆ, ಬೆಳಿಗ್ಗೆ ಏಳೂವರೆಗೆ ಬರುತ್ತಾರೆ, ನಾನು ಬಸ್ಸಿಗೆ ಹೊರಡುವ ಮೊದಲು. ಬಸ್ಸಿನಲ್ಲಿ ಮೊದಲ ವಾರ ಬಹಳ ಕಷ್ಟ ಆಯಿತು. ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಹಾಗಾಗಿ ಈಗ ಕಿಟಕಿ ಸೀಟು ಬಿಟ್ಟು ಡ್ರೈವರ್ ಹಿಂದಿನ ಉದ್ದ ಸೀಟಿನಲ್ಲಿ ಕೂರುತ್ತೇನೆ. ಅಲ್ಲಿ ಕೂತರೆ ಕಂಡಕ್ಟರ್ ಮಾತಾಡಿಸುತ್ತಾರೆ, ಎಲ್ಲರಿಗೂ ಪರದೆ ಕಾಣುತ್ತದೆ.

ಹನ್ನೆರಡನೇ ದಿನ ಜಾರಿದೆ. ವಾರದ 900 ಅವತ್ತೇ ಹಾಕಿದ್ದೆ, ಅದರಲ್ಲಿ 700 ತೆಗೆದು ಆಡಿದೆ. ಉಡುಪಿಯಲ್ಲಿ ಊಟಕ್ಕೆ ದುಡ್ಡಿಲ್ಲದೆ ಒಂದು ಬನ್ಸ್, ಒಂದು ಚಹಾ. ಉಳಿದ ವಾರ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದೆ. "ಇದ್ದಕ್ಕಿದ್ದ ಹಾಗೆ ಬುತ್ತಿ ಯಾಕೆ?" ಎಂದು ಅಮ್ಮ ಕೇಳಿದರು. ಆಗ ಹೇಳಿದೆ. ಮೊತ್ತದ ಸಮೇತ. ಅವರು ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಸಾಲ ಉಂಟಾ?" ಎಂದು ಕೇಳಿದರು. ಇಲ್ಲ ಅಂದೆ. "ಊಟ ಮಾಡು" ಅಂದರು. ಮಾರನೇ ದಿನದಿಂದ ಪಿಗ್ಮಿ ಪುಸ್ತಕ ಅವರ ಎಲೆಯ ಬುಟ್ಟಿಯಲ್ಲಿ ಉಂಟು.

14416ಕ್ಕೆ ಒಮ್ಮೆ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಇನ್ನೊಮ್ಮೆ ಮಾಡುತ್ತೇನೆ.

ಈಗ ಒಂದೇ ತೊಂದರೆ. ಆ್ಯಪ್‌ನಲ್ಲಿ 640 ಉಳಿದಿದೆ. ತೆಗೆಯೋಣ ಅಂದರೆ ಕನಿಷ್ಠ 1,000 ಆಗಬೇಕಂತೆ. ಇನ್ನು 360 ಗೆದ್ದರೆ ಪೂರ್ತಿ ತೆಗೆದು ಮುಗಿಸಬಹುದು. ಅಷ್ಟು ಮಾತ್ರ ಆಡಿದರೆ ತಪ್ಪಾ?

ಎರಡು ಸಿಮ್:

ಅದಕ್ಕೇ 1,000 ಇಟ್ಟಿರುವುದು.

ಬೋಟಿನ ಲೆಕ್ಕ:

ಬಲೆ ಕಡಿದು ಸಮುದ್ರಕ್ಕೆ ಹೋದರೆ ಅದನ್ನು ಹುಡುಕಲು ಇನ್ನೊಂದು ಟ್ಯಾಂಕ್ ಡೀಸೆಲ್ ಸುಡುವುದಿಲ್ಲ ನಾವು. ನಷ್ಟದ ಕಾಲಂನಲ್ಲಿ ಬರೆಯುತ್ತೇವೆ. 54,500ಕ್ಕೆ ಆ 700 ಸೇರಿಸಿ 55,200 ಎಂದು ಬರೆಯಿರಿ. ಆ 640 ಅದರೊಳಗೇ ಬಂತು. ಕೆಳಗೆ ಗೆರೆ ಎಳೆದು, ತಾರೀಕು ಹಾಕಿ, ಅಕೌಂಟ್ ಮುಚ್ಚಿ.

ಕಿಟಕಿ ಸೀಟು:

ಬರೆದೆ. ಅಮ್ಮನ ಪಿಗ್ಮಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ, ಬೇರೆ ಪುಸ್ತಕ ಇರಲಿಲ್ಲ.

ಪಿಗ್ಮಿ ಅಕ್ಕ:

ಅಯ್ಯೋ, ಅದರಲ್ಲಿ ಬರೆಯಬಾರದು ತಮ್ಮಾ, ಆಡಿಟ್‌ನವರು ಕೇಳುತ್ತಾರೆ.